ಮುಕ್ತ ವ್ಯಾಪಾರ ಒಪ್ಪಂದಗಳಿಂದ ಕೊಡಗಿಗೆ ಒಳ್ಳೆಯದಾಗುತ್ತದೆಯೇ? ಪರ–ವಿರೋಧ

ಭಾರತ ಒಂದರ ಹಿಂದೆ ಒಂದು ದೇಶದ ಜೊತೆ ಮುಕ್ತ ವ್ಯಾಪಾರ ಒಪ್ಪಂದಕ್ಕೆ, ಅಂದರೆ ಒಬ್ಬರ ಸರಕಿಗೆ ಇನ್ನೊಬ್ಬರು ಸುಂಕ ಇಳಿಸುವ ಒಪ್ಪಂದಕ್ಕೆ, ಸಹಿ ಹಾಕುತ್ತಿದೆ. 2022ರಲ್ಲಿ ಯುಎಇ ಮತ್ತು ಆಸ್ಟ್ರೇಲಿಯಾ, 2024ರಲ್ಲಿ ಸ್ವಿಟ್ಜರ್ಲೆಂಡ್, ನಾರ್ವೆ ಇರುವ ಇಎಫ್‌ಟಿಎ ಕೂಟ, 2025ರ ಜುಲೈನಲ್ಲಿ ಬ್ರಿಟನ್. ಕಾಫಿ, ಕರಿಮೆಣಸನ್ನೇ ನಂಬಿಕೊಂಡ ಕೊಡಗಿಗೆ ಇದರಿಂದ ಏನು ಸಿಗುತ್ತದೆ? ಇಲ್ಲಿ ಇಬ್ಬರು ಬರೆದಿದ್ದಾರೆ. ಒಬ್ಬರು ಕುಶಾಲನಗರದ ಹತ್ತಿರ ಕಾಫಿ ಹುರಿದು, ಪುಡಿ ಮಾಡಿ ಮಾರುವವರು. ಇನ್ನೊಬ್ಬರು ಗೋಣಿಕೊಪ್ಪ ಕಡೆಯ ಸಣ್ಣ ಬೆಳೆಗಾರರು. ಸಂಬಂಧದಲ್ಲಿ ಇಬ್ಬರೂ ಅಕ್ಕ–ತಮ್ಮ.

ಪರ: ಹೊರಗೆ ನಿಂತರೆ ಏಟು ತಪ್ಪುವುದಿಲ್ಲ

ಈ ವಿಷಯ ಬಂದಾಗಲೆಲ್ಲ ನಮ್ಮ ಕಡೆ ಒಂದು ಮಾತು ಕೇಳುತ್ತದೆ. "ಯಾರ ಸಹವಾಸವೂ ಬೇಡ, ನಮ್ಮ ಪಾಡಿಗೆ ನಾವು ಇರೋಣ." ನಮ್ಮ ಪಾಡಿಗೆ ನಾವು ಯಾವತ್ತು ಇದ್ದೆವು ಹೇಳಿ? ದೇಶದ ಕಾಫಿಯಲ್ಲಿ ಹೆಚ್ಚೂಕಡಿಮೆ ಮೂರನೇ ಒಂದು ಭಾಗ ಈ ಒಂದು ಜಿಲ್ಲೆಯದು. ಭಾರತದ ಕಾಫಿಯ ದೊಡ್ಡ ಪಾಲು ಹೊರದೇಶಕ್ಕೆ ಹೋಗುತ್ತದೆ. ಇಟಲಿಯೇ ದೊಡ್ಡ ಗಿರಾಕಿ. ಜರ್ಮನಿ, ಬೆಲ್ಜಿಯಂ, ರಷ್ಯಾ ನಂತರ ಬರುತ್ತವೆ. ಅಲ್ಲಿನವರು ಕೊಳ್ಳುವುದು ಕಡಿಮೆ ಮಾಡಿದರೆ ಸಿದ್ದಾಪುರದ ದಿನಸಿ ಅಂಗಡಿಯಲ್ಲಿ ಸಾಲದ ಪುಸ್ತಕ ದಪ್ಪವಾಗುತ್ತದೆ. ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ನಾವು ಹೊರಗಿನ ಮಾರುಕಟ್ಟೆಗೆ ಕಟ್ಟಿಹಾಕಿಕೊಂಡೇ ಬದುಕಿದ್ದೇವೆ.

ನಾವು ಸಹಿ ಹಾಕದ ಒಪ್ಪಂದವೂ ನಮ್ಮನ್ನು ಮುಟ್ಟುತ್ತದೆ. ಇತ್ತೀಚಿನದೇ ನೋಡಿ. 2022ರ ಜುಲೈನಲ್ಲಿ ಚೀನಾ ಮತ್ತು ವಿಯೆಟ್ನಾಂ ಒಂದು ಸಣ್ಣ ಒಡಂಬಡಿಕೆ ಮಾಡಿಕೊಂಡವು. ವಿಯೆಟ್ನಾಂನ ತಾಜಾ ಡುರಿಯನ್ ಹಣ್ಣನ್ನು ಚೀನಾ ಅಧಿಕೃತವಾಗಿ ಒಳಗೆ ಬಿಟ್ಟುಕೊಳ್ಳುವುದು, ಅಷ್ಟೇ. ಡುರಿಯನ್ ಎಂದರೆ ಮೈತುಂಬ ಮುಳ್ಳು, ಗಾಢ ವಾಸನೆಯ ಹಣ್ಣು. ಚೀನಾದವರು ಅದಕ್ಕೆ ಕೇಳಿದಷ್ಟು ದುಡ್ಡು ಕೊಡುತ್ತಾರೆ. ವಿಯೆಟ್ನಾಂನ ಬೆಟ್ಟದ ಸೀಮೆಯಲ್ಲಿ ರೈತರು ಕಾಫಿ ಗಿಡ, ಮೆಣಸಿನ ಬಳ್ಳಿ ಕಿತ್ತು ಡುರಿಯನ್ ನೆಡುವುದು ಮೊದಲೇ ಶುರುವಾಗಿತ್ತು. ಈ ಒಡಂಬಡಿಕೆಯಿಂದ ಅದಕ್ಕೆ ವೇಗ ಬಂತು. ಅದರ ಮೇಲೆ ಬರವೂ ಬಿತ್ತು. ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಜಾತಿಯ ಕಾಫಿ ಟನ್ನಿಗೆ 5,000 ಡಾಲರ್ ದಾಟಿತು. 2020ರ ಹೊತ್ತಿಗೆ ಮೂರೂವರೆ ಸಾವಿರದ ಆಸುಪಾಸಿನಲ್ಲಿದ್ದ ನಮ್ಮ 50 ಕೆಜಿ ರೊಬಸ್ಟಾ ಚೆರಿ (ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ್ದು) ಮೂಟೆ 2024ರಲ್ಲಿ ಹತ್ತು ಸಾವಿರ ದಾಟಿತು. ಕೊಡಗಿನಲ್ಲಿ ಎಷ್ಟೋ ಮನೆಯ ಬ್ಯಾಂಕ್ ಸಾಲ ತೀರಿದ್ದು ಆಗಲೇ. ಆ ಒಡಂಬಡಿಕೆಯಲ್ಲಿ ನಮ್ಮ ಹೆಸರೇ ಇರಲಿಲ್ಲ. ಈ ಸಲ ಅದು ನಮಗೆ ಅನುಕೂಲವಾಯಿತು. ಮುಂದಿನ ಸಲ ಹೀಗೇ ಆಗುತ್ತದೆ ಎಂದು ಯಾರು ಹೇಳಬಲ್ಲರು? ಡುರಿಯನ್ ಬೆಲೆ ಬಿದ್ದರೆ ಅದೇ ಬೆಟ್ಟದಲ್ಲಿ ಮತ್ತೆ ಕಾಫಿ ಏಳುತ್ತದೆ.

ನಾನು ಕಾಫಿ ಹುರಿಯುವವಳು. ಹಾಗಾಗಿ ನನಗೆ ಈ ವಿಷಯ ಕಾಣುವುದು ಹುರಿಯುವ ಡ್ರಮ್ಮಿನ ಪಕ್ಕದಿಂದ. ಅದರ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹುರಿಯದ ಕಾಫಿ ಬೀಜ ಯುರೋಪಿಗೆ ಹೋದರೆ ಅಲ್ಲಿ ಸುಂಕವಿಲ್ಲ. ಅದೇ ಬೀಜವನ್ನು ಇಲ್ಲಿ ಹುರಿದು ಕಳಿಸಿದರೆ ಯುರೋಪಿನ ಸಾಮಾನ್ಯ ಸುಂಕ 7.5 ಶೇಕಡಾ. ಇನ್‌ಸ್ಟಂಟ್ ಕಾಫಿ ಮಾಡಿದರೆ ಆ ಪಟ್ಟಿಯಲ್ಲಿ ಸುಂಕ ಇನ್ನೂ ಮೇಲೆ, 9 ಶೇಕಡಾ. ಬಡ ದೇಶಗಳಿಗೆ ಅಂತ ಕೆಲವು ರಿಯಾಯಿತಿಗಳಿವೆ, ಆದರೂ ಏಣಿಯ ಲೆಕ್ಕ ಹಾಗೇ ಇದೆ: ಕೆಲಸ ಜಾಸ್ತಿ ಮಾಡಿದಷ್ಟೂ ಸುಂಕ ಜಾಸ್ತಿ. ಇದರ ಅರ್ಥ ಇಷ್ಟೇ. ಬೀಜ ನೀವು ಬೆಳೆಯಿರಿ, ದುಡ್ಡು ಬರುವ ಕೆಲಸ ನಾವು ಮಾಡುತ್ತೇವೆ. ಒಂದು ಕಾಫಿ ತೋಟವೂ ಇಲ್ಲದ ದೇಶಗಳು ಕಾಫಿ ರಫ್ತಿನಲ್ಲಿ ಹೆಸರು ಮಾಡಿರುವುದು ಹೀಗೆಯೇ.

ನಮ್ಮ ಘಟಕದಲ್ಲಿ ಬೀಜ ಆರಿಸುವ ಮೇಜಿದೆ. ಊರಿನ ಹೆಂಗಸರು ಕೂತು ಕಪ್ಪು ಬೀಜ, ಒಡಕು, ಕಾಯಿಕೊರಕ ತೂತು ಮಾಡಿದ ಬೀಜ ಎಲ್ಲ ಬೇರೆ ಮಾಡುತ್ತಾರೆ. ಡ್ರಮ್ಮಿನ ಹತ್ತಿರ ನಿಂತ ಹುಡುಗ ಮೊದಲು ಮಡಿಕೇರಿಯ ಹೋಂಸ್ಟೇಯಲ್ಲಿ ಗಾಡಿ ಓಡಿಸುತ್ತಿದ್ದವನು. ಈಗ ಬೀಜ ಚಟಪಟ ಎನ್ನುವ ಸದ್ದು ಕೇಳಿಯೇ ಯಾವಾಗ ಉರಿ ತಗ್ಗಿಸಬೇಕು ಎಂದು ಹೇಳುತ್ತಾನೆ. ರೊಬಸ್ಟಾ ಎಂದರೆ ಅಗ್ಗದ ಕಾಫಿ ಎಂಬ ಮಾತು ಹಳೆಯದು. ಚೆನ್ನಾಗಿ ಪಲ್ಪ್ ಮಾಡಿ, ಅಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಕಣದಲ್ಲಿ ನಿಧಾನ ಒಣಗಿಸಿದ ರೊಬಸ್ಟಾ ಪಾರ್ಚ್‌ಮೆಂಟ್‌ನಿಂದಲೇ ಕಾಪಿ ರಾಯಲ್ ಎಂಬ ಮೇಲುದರ್ಜೆ ಬರುತ್ತದೆ. ಇಟಲಿಯವರು ಎಸ್ಪ್ರೆಸೊಗೆ ನೊರೆ ಬರಲಿ ಎಂದು ಹುಡುಕಿಕೊಂಡು ಬರುವುದು ಇದನ್ನೇ. ಇಷ್ಟು ಕೆಲಸ ಗೊತ್ತಿರುವ ಊರು ಬರೀ ಬೀಜ ಮೂಟೆ ಕಟ್ಟಿ ಕಳಿಸುತ್ತಾ ಕೂರಬೇಕಾ?

ವಿಯೆಟ್ನಾಂ ಕೂರಲಿಲ್ಲ. ಯುರೋಪಿನ ಜೊತೆಗಿನ ಅವರ ಒಪ್ಪಂದ 2020ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಅವರ ಇನ್‌ಸ್ಟಂಟ್ ಕಾಫಿಗೆ ಸುಂಕ ಹೋಯಿತು, ನಮ್ಮದಕ್ಕೆ ಉಳಿಯಿತು. ನಾವು ಯುರೋಪಿನ ಜೊತೆ ಮಾತುಕತೆ ಶುರು ಮಾಡಿದ್ದು 2007ರಲ್ಲಿ. 2013ರಲ್ಲಿ ಅದು ನಿಂತೇ ಹೋಯಿತು. ಮತ್ತೆ ಎದ್ದದ್ದು 2022ರಲ್ಲಿ. ನಡುವಿನ ಒಂಬತ್ತು ವರ್ಷ ನಾವು ಕಳೆದುಕೊಂಡೆವು ಎಂದೇ ನನ್ನ ಲೆಕ್ಕ. ಬ್ರಿಟನ್ ಜೊತೆಗಿನ ಒಪ್ಪಂದದಲ್ಲಿ ಇನ್‌ಸ್ಟಂಟ್ ಕಾಫಿಯ ಸುಂಕ ತೆಗೆಯಲು ಒಪ್ಪಿಕೊಂಡಿದ್ದಾರೆ. ಇದು ಹತ್ತು ವರ್ಷ ಮೊದಲೇ ಆಗಬೇಕಿತ್ತು.

ಒಬ್ಬನೇ ಗಿರಾಕಿಯನ್ನು ನಂಬಿದರೆ ಏನಾಗುತ್ತದೆ ಎಂದು ಕೊಡಗಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಕಾಲದಲ್ಲಿ ಬೆಳೆಗಾರ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಕೊಡಲೇಬೇಕಿತ್ತು. ಮಂಡಳಿ ಮಾರುತ್ತಿತ್ತು, ದುಡ್ಡು ಕಂತುಕಂತಾಗಿ ಬರುತ್ತಿತ್ತು. ಸೋವಿಯತ್ ಒಕ್ಕೂಟ ರೂಪಾಯಿ ಲೆಕ್ಕದಲ್ಲಿ ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತಿತ್ತು. ದೆಹಲಿ ಮತ್ತು ಮಾಸ್ಕೋ ಸ್ನೇಹ ಗಟ್ಟಿಯಾಗಿದ್ದಷ್ಟು ಕಾಲ ಎಲ್ಲ ಸರಿ. 1989ರ ಜುಲೈನಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ, ಅಂದರೆ ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದು ಎಂಬ ಮಿತಿ, ಮುರಿದುಬಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ದೇಶ ದೇಶಗಳ ಸ್ನೇಹ ಹೀಗೆ ತಿರುಗುತ್ತಲೇ ಇರುತ್ತದೆ. ಇವತ್ತು ಮತ್ತೆ ತಿರುಗುತ್ತಿದೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿಗೆ ಮೊದಲು 25, ಆಮೇಲೆ ಇನ್ನೊಂದು 25 ಸೇರಿಸಿ 50 ಶೇಕಡಾ ಸುಂಕ ಹಾಕಿತು. ನವೆಂಬರ್‌ನಲ್ಲಿ ಕಾಫಿ, ಚಹಾ, ಸಾಂಬಾರ ಪದಾರ್ಥಗಳಿಗೆ ವಿನಾಯಿತಿ ಕೊಟ್ಟಿತು. ಅಮೆರಿಕದ ಅಂಗಡಿಗಳಲ್ಲಿ ಕಾಫಿ ದುಬಾರಿಯಾಯಿತು ಎಂಬುದೇ ಕಾರಣ, ನಮ್ಮ ಮೇಲಿನ ಪ್ರೀತಿಯಲ್ಲ. ಇಂಥ ಕಾಲದಲ್ಲಿ ಹತ್ತು ಕಡೆ ಬಾಗಿಲು ಇಟ್ಟುಕೊಂಡವನೇ ಉಸಿರಾಡುತ್ತಾನೆ.

ಕರಿಮೆಣಸಿನ ವಿಷಯ ನನ್ನ ತಮ್ಮ ಎತ್ತುತ್ತಾನೆ ಎಂದು ಗೊತ್ತು. ವಿಯೆಟ್ನಾಂ ಮೆಣಸು ಕಳ್ಳದಾರಿಯಲ್ಲಿ ಬಂದದ್ದು ನಿಜ. ಆದರೆ ಕಳ್ಳಬಿಲ್ಲು ಹಿಡಿಯದಿರುವುದು ಕಸ್ಟಮ್ಸ್‌ನ ಸಮಸ್ಯೆ. ಅದಕ್ಕೆಂದೇ 2020ರ ಸೆಪ್ಟೆಂಬರ್‌ನಲ್ಲಿ ಹೊಸ ನಿಯಮ ಬಂದಿದೆ. ಸರಕು ಎಲ್ಲಿ ಬೆಳೆದದ್ದು ಎಂದು ಬರೀ ಸರ್ಟಿಫಿಕೇಟ್ ತೋರಿಸಿದರೆ ಸಾಲದು, ಆಮದು ಮಾಡುವವನೇ ದಾಖಲೆ ಇಟ್ಟುಕೊಂಡು ಉತ್ತರ ಕೊಡಬೇಕು. ಬೇಡದ ಒಪ್ಪಂದವನ್ನು ಬೇಡ ಎನ್ನಲೂ ನಮಗೆ ಬರುತ್ತದೆ. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಆರ್‌ಸಿಇಪಿ ಎಂಬ ಏಷ್ಯಾ–ಪೆಸಿಫಿಕ್ ದೇಶಗಳ ವ್ಯಾಪಾರ ಕೂಟದ ಮಾತುಕತೆಯಿಂದ ಎದ್ದು ಬಂತು. ಅದು ಸರಿಯಾದ ತೀರ್ಮಾನ. ಚೀನಾ ಸೇರಿದ ಆ ಕೂಟದಿಂದ ನಮ್ಮ ಹೈನುಗಾರರಿಗೂ ಬೆಳೆಗಾರರಿಗೂ ನಷ್ಟವೇ ಜಾಸ್ತಿ ಇತ್ತು.

ಹಾಗಾದರೆ ನನಗೆ ಬೇಕಾದದ್ದೇನು? ಹುರಿದ ಕಾಫಿ ಮತ್ತು ಪುಡಿ ಪ್ರತಿಯೊಂದು ಹೊಸ ಒಪ್ಪಂದದಲ್ಲೂ ಸುಂಕವಿಲ್ಲದ ಪಟ್ಟಿಗೆ ಬರಬೇಕು. 2019ರಲ್ಲಿ ಭೌಗೋಳಿಕ ಗುರುತು (ಜಿಐ) ಪಡೆದ ಕೂರ್ಗ್ ಅರೇಬಿಕಾ ಹೆಸರಿಗೆ ಆ ದೇಶಗಳಲ್ಲೂ ರಕ್ಷಣೆ ಸಿಗಬೇಕು. ಇಲ್ಲಿಯ ಬೀಜ ಹಾಕಿ ಮಾಡಿದ ಸರಕಿಗೆ ಮಾತ್ರ ರಿಯಾಯಿತಿ ಎಂದು ಗಟ್ಟಿಯಾಗಿ ಬರೆಯಬೇಕು, ಆಗ ದೊಡ್ಡ ಕಾರ್ಖಾನೆಗಳು ನಮ್ಮ ಬೀಜವನ್ನೇ ಕೊಳ್ಳುತ್ತವೆ. ಕೀಟನಾಶಕದ ಉಳಿಕೆ ಪರೀಕ್ಷೆ ಮಾಡುವ ಲ್ಯಾಬ್ ಕುಶಾಲನಗರದಲ್ಲೇ ಆಗಬೇಕು. ಈಗ ನಮ್ಮಂಥ ಸಣ್ಣವರು ಒಂದು ಸ್ಯಾಂಪಲ್‌ಗೂ ಜಿಲ್ಲೆ ಬಿಟ್ಟು ಹೋಗಬೇಕು. ಇವನ್ನೆಲ್ಲ ಕೇಳುವುದಕ್ಕೆ ಮೊದಲು ಮೇಜಿನ ಮುಂದೆ ನಮಗೊಂದು ಕುರ್ಚಿ ಬೇಕು.

ವಿರೋಧ: ಸಹಿ ದೆಹಲಿಯಲ್ಲಿ, ನಷ್ಟ ನಮ್ಮ ಕಣದಲ್ಲಿ

ಅಕ್ಕ ಬರೆದದ್ದನ್ನು ಪೂರ್ತಿ ಓದಿದೆ. ಅವರ ಕಾಫಿ ನಿಜಕ್ಕೂ ಚೆನ್ನಾಗಿದೆ. ಅದು ಇಟಲಿಗೆ, ಇಂಗ್ಲೆಂಡಿಗೆ ಹೋಗಲಿ ಎಂದು ನನಗೂ ಆಸೆ. ಆದರೆ ಅವರು ಕರಿಮೆಣಸಿಗೆ ಕೊಟ್ಟದ್ದು ನಾಲ್ಕು ಸಾಲು. ನಾನು ಅಲ್ಲಿಂದಲೇ ಶುರು ಮಾಡಬೇಕು.

ಸಣ್ಣ ತೋಟದವನಿಗೆ ಮೆಣಸು ಎಂದರೆ ಏನು ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕಾಫಿ ದುಡ್ಡು ಗೊಬ್ಬರಕ್ಕೆ, ಕೂಲಿಗೆ, ಸೊಸೈಟಿ ಸಾಲಕ್ಕೆ ಹೋಗುತ್ತದೆ. ಮಗಳ ಕಾಲೇಜು ಫೀಸು, ಮನೆ ಹೆಂಚು, ಆಸ್ಪತ್ರೆ ಬಿಲ್ಲು ಇವೆಲ್ಲ ಮೆಣಸಿನ ದುಡ್ಡು. ಸಿಲ್ವರ್ ಓಕ್, ಹಾಲುವಾಣದ ಮರಕ್ಕೆ ಬಳ್ಳಿ ಹಬ್ಬಿಸಿರುತ್ತೇವೆ. ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಮೆಣಸಿನ ಕುಯ್ಲು ಶುರು. ಉದ್ದದ ಏಣಿ ಮರಕ್ಕೆ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಮೂವತ್ತು ನಲವತ್ತು ಅಡಿ ಮೇಲೆ ಹತ್ತಬೇಕು. ಕೆಳಗೆ ಒಬ್ಬ ಏಣಿ ಹಿಡಿದಿರಬೇಕು. ಜಾರಿ ಬಿದ್ದು ಸೊಂಟ ಮುರಿದುಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ. ಹತ್ತುವ ಆಳು ಸಿಗುವುದೇ ಕಷ್ಟ, ಸಿಕ್ಕಿದರೆ ಕೂಲಿ ಜಾಸ್ತಿ, ಅದು ನ್ಯಾಯವೇ. ಕೊಯ್ದದ್ದನ್ನು ಕಾಳು ಬಿಡಿಸಿ, ಕಣದಲ್ಲಿ ಹರಡಿ, ದಿನಕ್ಕೆ ನಾಲ್ಕು ಸಲ ತಿರುವಿ, ಕರ್ರಗೆ ಸುಕ್ಕಾಗುವ ತನಕ ಒಣಗಿಸುತ್ತೇವೆ. ವ್ಯಾಪಾರಿ ಬಂದು ಒಂದು ಹಿಡಿ ಕೈಗೆ ತಗೊಂಡು, ಒಂದು ಕಾಳು ಹಲ್ಲಿನಲ್ಲಿ ಕಡಿದು ನೋಡುತ್ತಾನೆ. ಆಮೇಲೆ ಲೀಟರ್ ಡಬ್ಬಕ್ಕೆ ಸುರಿದು ತೂಗುತ್ತಾನೆ. ಲೀಟರಿಗೆ 550 ಗ್ರಾಂ ಬಂದರೆ ಕಾಳು ಗಟ್ಟಿ ಎಂದು ಮುಖ ಅರಳುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಅವನು ಹೇಳುವ ಬೆಲೆ ನಮ್ಮ ಕಾಳಿನ ಬೆಲೆಯಾಗಿರುವುದಿಲ್ಲ. ಅದು ಯಾವುದೋ ಬಂದರಿನಲ್ಲಿ ಇಳಿದ ಕಂಟೇನರಿನ ಬೆಲೆ.

ಹೇಗೆ ಎಂದು ಹೇಳುತ್ತೇನೆ. ಹೊರಗಿನ ಮೆಣಸಿಗೆ ನಮ್ಮ ದೇಶದ ಸಾಮಾನ್ಯ ಸುಂಕ 70 ಶೇಕಡಾ. ವಿಯೆಟ್ನಾಂ ಕೂಡ ಇರುವ ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ ದೇಶಗಳ ಜೊತೆ 2009ರಲ್ಲಿ ಸಹಿಯಾಗಿ 2010ರ ಜನವರಿಯಲ್ಲಿ ಜಾರಿಯಾದ ಒಪ್ಪಂದದಲ್ಲಿ ಮೆಣಸಿನ ಸುಂಕವನ್ನು 2019ರ ಕೊನೆಯೊಳಗೆ 50ಕ್ಕೆ, ಕಾಫಿಯದನ್ನು 100ರಿಂದ 45ಕ್ಕೆ ಇಳಿಸುವುದಾಗಿ ಒಪ್ಪಿಕೊಂಡರು. 2009ರ ಅಕ್ಟೋಬರ್ 2ರಂದು ಪಕ್ಕದ ಕೇರಳದಲ್ಲಿ ಇದರ ವಿರುದ್ಧ ರಾಜ್ಯದ ಉದ್ದಕ್ಕೂ ಮಾನವ ಸರಪಳಿ ಕಟ್ಟಿದರು. 50 ಶೇಕಡಾ ಇದೆಯಲ್ಲ, ಅದೇ ದೊಡ್ಡ ಗೋಡೆ ಎಂದು ಅಕ್ಕನ ಕಡೆಯವರು ಹೇಳಬಹುದು. ಆದರೆ ಗೋಡೆಯ ಪಕ್ಕದಲ್ಲೇ ಇನ್ನೊಂದು ಬಾಗಿಲಿತ್ತು. ಶ್ರೀಲಂಕಾ ಜೊತೆ ನಮಗೆ 2000ದಿಂದಲೇ ಒಪ್ಪಂದವಿದೆ. ಅದರಲ್ಲಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರುತ್ತದೆ. ಅದರ ಮೇಲೆ ಬಂದದ್ದಕ್ಕೆ ಸಾರ್ಕ್ ದೇಶಗಳ ಒಪ್ಪಂದದಲ್ಲಿ ಬರೀ 8 ಶೇಕಡಾ. ವಿಯೆಟ್ನಾಂನಿಂದ ನೇರ ಬಂದರೆ 50, ಶ್ರೀಲಂಕಾದ ಕಾಗದ ಹಿಡಿದು ಬಂದರೆ 8 ಅಥವಾ ಸೊನ್ನೆ. ಇಷ್ಟು ಅಂತರ ಇಟ್ಟರೆ ವ್ಯಾಪಾರಿ ಯಾವ ದಾರಿ ಹಿಡಿಯುತ್ತಾನೆ ಎಂದು ಒಪ್ಪಂದ ಬರೆದವರಿಗೆ ಹೊಳೆಯಲಿಲ್ಲವೇ?

ಶ್ರೀಲಂಕಾದ ರೈತನ ಮೇಲೆ ನನಗೆ ಕೋಪವಿಲ್ಲ. ಅವನೂ ನಮ್ಮ ಹಾಗೇ ಬಳ್ಳಿ ಬೆಳೆಯುವವನು. ಅವನ ಹೆಸರಲ್ಲಿ ಬೇರೆಯವರು ಮಾಡಿದ ಮೋಸ ಇದು.

2015ರ ಸುಮಾರಿಗೆ ಕೆಜಿಗೆ ಏಳುನೂರರ ಹತ್ತಿರ ಇದ್ದ ಮೆಣಸು 2019ರ ಹೊತ್ತಿಗೆ ಮುನ್ನೂರರ ಆಸುಪಾಸಿಗೆ ಬಿತ್ತು. ವಿಯೆಟ್ನಾಂನಲ್ಲಿ ಬೆಳೆ ಜಾಸ್ತಿಯಾದದ್ದೂ ಕಾರಣ, ಅದನ್ನು ಮುಚ್ಚಿಡುವುದಿಲ್ಲ. ಆದರೆ 2017ರಲ್ಲಿ ಗೋಣಿಕೊಪ್ಪದ ಮಾರುಕಟ್ಟೆಗೇ ವಿಯೆಟ್ನಾಂ ಮೆಣಸು ಬಂತು, ಕೊಡಗಿನ ಮೆಣಸಿನ ಜೊತೆ ಬೆರಕೆಯಾಗುತ್ತಿದೆ ಎಂದು ಬೆಳೆಗಾರರು ಬೀದಿಗಿಳಿದರು. ನಮ್ಮ ಊರಿನ ಹೆಸರು ಹೊತ್ತ ಮೂಟೆಯಲ್ಲಿ ಬೇರೆ ದೇಶದ ಕಾಳು! ಆ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. 2018ರ ಮಾರ್ಚ್‌ನಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನು ನಿಷೇಧಿಸಿತು. ಆಗ ಬಿಲ್ಲಿನಲ್ಲಿ ಬೆಲೆಯನ್ನೇ ಏರಿಸಿ ಬರೆದು ತರುತ್ತಿದ್ದಾರೆ ಎಂದು ಬೆಳೆಗಾರರ ಸಂಘಗಳು ದೂರಿದವು. ಅಕ್ಕ ಹೇಳಿದ ಕಸ್ಟಮ್ಸ್ ನಿಯಮ ಬಂದದ್ದು 2020ರ ಸೆಪ್ಟೆಂಬರ್‌ನಲ್ಲಿ. ಶ್ರೀಲಂಕಾ ಒಪ್ಪಂದ ಜಾರಿಯಾಗಿ ಇಪ್ಪತ್ತು ವರ್ಷ ಆದ ಮೇಲೆ. ನಮ್ಮ ಬೆಲೆ ನೆಲ ಕಚ್ಚಿದ ಮೇಲೆ. ಸಹಿ ಹಾಕುವಾಗ ಇರುವ ಆತುರ ಕಾವಲು ಹಾಕುವಾಗ ಯಾಕೆ ಇಲ್ಲ?

ಇದು ಕಸ್ಟಮ್ಸ್‌ನ ಸಮಸ್ಯೆ, ಒಪ್ಪಂದದ್ದಲ್ಲ ಎನ್ನುತ್ತಾರೆ ಅಕ್ಕ. ನಾನು ಒಪ್ಪುವುದಿಲ್ಲ. ಒಂದೇ ಸರಕಿಗೆ ನೆರೆಯ ಎರಡು ದೇಶಗಳಿಗೆ ಬೇರೆಬೇರೆ ಸುಂಕ ಇಡುವುದೇ ಇಂಥ ಒಪ್ಪಂದಗಳ ಸ್ವಭಾವ. ಹೊಸ ಒಪ್ಪಂದ ಒಂದೊಂದು ಬಂದಾಗಲೂ ಹೊಸ ಅಂತರ ಹುಟ್ಟುತ್ತದೆ. ಯುಎಇಯಲ್ಲಿ ಮೆಣಸು ಬೆಳೆಯುವುದಿಲ್ಲ, ಆದರೆ ದುಬೈಯಲ್ಲಿ ಎಲ್ಲ ದೇಶದ ಸರಕೂ ಇಳಿಯುತ್ತದೆ, ಏರುತ್ತದೆ. ಕಾವಲು ಎಲ್ಲ ಕಡೆ ಬೇಕು. ಒಂದು ಕಡೆ ಕಣ್ಣು ತಪ್ಪಿದರೂ ನನ್ನ ವರ್ಷದ ದುಡಿಮೆ ಹೋಯಿತು.

ಕಾಫಿಗೆ ಬರೋಣ. ಹುರಿಯದ ಬೀಜಕ್ಕೆ ಯುರೋಪಿನಲ್ಲಿ ಸುಂಕವಿಲ್ಲ ಎಂದು ಅಕ್ಕನೇ ಬರೆದಿದ್ದಾರೆ. ನಾನು ಮಾರುವುದು ಆ ಬೀಜವನ್ನೇ. ಇನ್ನೂ ಸರಿಯಾಗಿ ಹೇಳಬೇಕೆಂದರೆ ನಾನು ಮಾರುವುದು ಚೆರಿ, ಅದೂ ಊರಿನ ವ್ಯಾಪಾರಿಗೆ. ದೇಶದ ಕಾಫಿ ಬೆಳೆಗಾರರಲ್ಲಿ ಶೇಕಡಾ 98ಕ್ಕೂ ಜಾಸ್ತಿ ಜನ ಹತ್ತು ಹೆಕ್ಟೇರಿಗಿಂತ ಕಡಿಮೆ ತೋಟ ಇರುವವರು. ಅವರಲ್ಲಿ ಎಷ್ಟು ಜನರ ಹತ್ತಿರ ಹುರಿಯುವ ಡ್ರಮ್ಮಿದೆ? ಸೊನ್ನೆ ಇದ್ದ ಸುಂಕ ಸೊನ್ನೆಯಾಗಿಯೇ ಉಳಿದರೆ ನನಗೆ ಬರುವ ಲಾಭ ಏನು? ಲಾಭ ಇನ್‌ಸ್ಟಂಟ್ ಕಾರ್ಖಾನೆಗಳಿಗೆ. ಅವರು ಮತ್ತೆ ರಫ್ತು ಮಾಡುವ ಷರತ್ತಿನ ಮೇಲೆ ಹೊರಗಿನ ಅಗ್ಗದ ಬೀಜವನ್ನು ಸುಂಕವಿಲ್ಲದೆ ತರಬಹುದು, ತರುತ್ತಲೂ ಇದ್ದಾರೆ. ಇಲ್ಲಿಯ ಬೀಜಕ್ಕೆ ಮಾತ್ರ ರಿಯಾಯಿತಿ ಎಂದು ಬರೆಯಬೇಕು ಎಂಬ ಅಕ್ಕನ ಮಾತು ಒಳ್ಳೆಯದೇ. ಅದನ್ನು ಮೊದಲು ಬರೆಯಲಿ, ಆಮೇಲೆ ಸಹಿ ಹಾಕಲಿ.

ವಿಯೆಟ್ನಾಂ ಮಾಡಿತು, ನಾವೂ ಮಾಡೋಣ ಎನ್ನುವಾಗ ತೋಟ ನೋಡಬೇಕು. ಅಲ್ಲಿ ಹೆಕ್ಟೇರಿಗೆ ಎರಡೂವರೆ ಟನ್ ರೊಬಸ್ಟಾ ಸಾಮಾನ್ಯ. ನಮ್ಮಲ್ಲಿ ಒಂದು ಟನ್ ಆಸುಪಾಸು. ಅಲ್ಲಿ ಹೆಚ್ಚಿನ ತೋಟಕ್ಕೆ ಮರದ ನೆರಳಿಲ್ಲ, ನೀರು ಗೊಬ್ಬರ ಸುರಿದು ಬೆಳೆಯುತ್ತಾರೆ. ನಾವು ಮರ ಉಳಿಸಿಕೊಂಡು, ಅದರ ನೆರಳಲ್ಲಿ ಬೆಳೆಯುತ್ತೇವೆ. ಆ ಮರಗಳಿಂದಲೇ ಕಾವೇರಿಗೆ ನೀರು. ಅದರ ಜೊತೆಗೆ ಕಾಡಾನೆ, ಹೂಮಳೆ ತಪ್ಪುವುದು, ಆಗಸ್ಟಿನಲ್ಲಿ ಗುಡ್ಡವೇ ಜಾರುವುದು. 2018ರಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ತೋಟಕ್ಕೆ ತೋಟವೇ ಕೊಚ್ಚಿಹೋಯಿತಲ್ಲ. ಕೆಜಿ ಲೆಕ್ಕದ ಪೈಪೋಟಿಯಲ್ಲಿ ನಾವು ಗೆಲ್ಲುವುದಿಲ್ಲ, ಗೆಲ್ಲಬೇಕೆಂದರೆ ಮರ ಕಡಿಯಬೇಕು.

ಈಗ ಯುರೋಪಿನ ಇನ್ನೊಂದು ಮುಖ ನೋಡಿ. ಸುಂಕ ಇಳಿಸುವ ಅದೇ ಯುರೋಪು 2023ರಲ್ಲಿ ಅರಣ್ಯನಾಶ ತಡೆ ಕಾನೂನು ಮಾಡಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಉದ್ದೇಶ ಚೆನ್ನಾಗಿದೆ. ಆದರೆ ಪ್ರತಿ ಮೂಟೆ ಯಾವ ತೋಟದ್ದು ಎಂದು ನಕ್ಷೆಯ ಮೇಲೆ ತೋರಿಸಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡದಾದರೆ ತೋಟದ ಗಡಿಯನ್ನೇ ಗೆರೆ ಎಳೆದು ಕೊಡಬೇಕು. ಕಾಫಿ ಬೆಳೆದ ದೇಶದ ಕಾನೂನಿನ ಪ್ರಕಾರವೇ ಬೆಳೆದದ್ದು ಎಂದೂ ತೋರಿಸಬೇಕು. ಭಾರತವನ್ನು ಕಡಿಮೆ ಅಪಾಯದ ಪಟ್ಟಿಯಲ್ಲಿ ಇಟ್ಟಿದ್ದಾರೆ, ಜಾರಿಯನ್ನೂ ಎರಡು ಸಲ ಮುಂದೂಡಿದ್ದಾರೆ. ಕಾಫಿ ಮಂಡಳಿ ಆ್ಯಪ್ ಮಾಡಿ ನೋಂದಣಿ ಮಾಡಿಸುತ್ತಿದೆ. ಅದಕ್ಕೆ ಕೃತಜ್ಞತೆ ಇದೆ.

ಆದರೆ ಕೊಡಗಿನಲ್ಲಿ ಭೂಮಿಯ ದಾಖಲೆ ಎಂದರೆ ಏನು ಎಂದು ಬ್ರಸೆಲ್ಸ್‌ನಲ್ಲಿ ಕೂತವರಿಗೆ ಯಾರು ಹೇಳಬೇಕು? ಜಮ್ಮಾ ಬಾಣೆ ಎಂದರೆ ವಂಶಪಾರಂಪರ್ಯವಾಗಿ ಬಂದ ಜಮೀನು, ಅದು ಇಡೀ ಒಕ್ಕದ್ದು, ಅಂದರೆ ಮನೆತನದ್ದು. ಪಹಣಿಯಲ್ಲಿ ಒಕ್ಕದ ಯಜಮಾನನಾದ ಪಟ್ಟೇದಾರನ ಹೆಸರಿರುತ್ತದೆ, ಆತ ತೀರಿಕೊಂಡು ಎಷ್ಟೋ ವರ್ಷ ಆಗಿರುತ್ತದೆ. ತೋಟ ನೋಡಿಕೊಳ್ಳುವವನು ಒಬ್ಬ, ಹೆಸರಿರುವವನು ಇನ್ನೊಬ್ಬ, ಹಕ್ಕಿರುವವರು ಬೆಂಗಳೂರು ಮೈಸೂರಿನಲ್ಲಿ ಹತ್ತು ಜನ. ಬಾಯಿಮಾತಿನಲ್ಲಿ ಪಾಲಾಗಿರುತ್ತದೆ, ಕಾಗದದಲ್ಲಿ ಆಗಿರುವುದಿಲ್ಲ. ಒಂದು ಬೆಳೆಸಾಲಕ್ಕೇ ಎಲ್ಲರ ಸಹಿ ಹಿಡಿಯಲು ನಾಡಕಚೇರಿ, ತಾಲ್ಲೂಕು ಕಚೇರಿ ಅಂತ ತಿರುಗುವವರು ನಾವು. ದೊಡ್ಡ ಕಂಪನಿ ತೋಟಕ್ಕೆ ಇದೇನೂ ಕಷ್ಟವಲ್ಲ, ಅವರ ಹತ್ತಿರ ಸರ್ವೆ ನಕ್ಷೆ, ವಕೀಲರು, ಕಂಪ್ಯೂಟರ್ ಎಲ್ಲ ಇದೆ. ಸಣ್ಣವನ ಕಾಫಿ ದಾಖಲೆ ಇಲ್ಲದ ಕಾಫಿ ಎಂದು ಅಗ್ಗವಾಗುತ್ತದೆ. ಕಾಡಿನ ಹಾಗಿರುವ ತೋಟ ಇಟ್ಟುಕೊಂಡವನೇ ಕಾಡು ಕಡಿದಿಲ್ಲ ಎಂದು ಸಾಬೀತು ಮಾಡಬೇಕಾದ ಸ್ಥಿತಿ. ಸುಂಕದ ಒಪ್ಪಂದಕ್ಕೆ ಸಹಿ ಬಿದ್ದರೂ ಈ ಕಾನೂನು ಬದಲಾಗುವುದಿಲ್ಲ. ಹಾಗಾದರೆ ನಮಗೆ ತೆರೆದದ್ದು ಯಾವ ಬಾಗಿಲು?

ಹಳೆಯ ಪೂಲ್ ಪದ್ಧತಿಗೆ ಮರಳಬೇಕು ಎಂದು ನಾನು ಹೇಳುವುದಿಲ್ಲ. 1996ರಲ್ಲಿ ಅದು ಮುಗಿದದ್ದು ಒಳ್ಳೆಯದಾಯಿತು, ನಮ್ಮ ಬೆಳೆ ನಾವು ಮಾರುವಂತಾಯಿತು. ಆದರೆ ಹಳೆಯ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದಲ್ಲಿ ಒಂದು ವಿಷಯವಿತ್ತು. ಬೆಲೆ ಬಿದ್ದರೆ ಬೆಳೆಯುವ ದೇಶಗಳ ಕೋಟಾ ಇಳಿಸಿ ಬೆಲೆ ಎತ್ತುತ್ತಿದ್ದರು. ಕೊಳ್ಳುವ ದೇಶಗಳೂ ಅದಕ್ಕೆ ಸಹಿ ಹಾಕಿದ್ದವು. ಈಗಿನ ಯಾವ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಬೆಳೆಗಾರನಿಗೆ ಸಿಗುವ ಬೆಲೆಯ ಬಗ್ಗೆ ಒಂದು ಸಾಲು ಇದೆ? ಆ ಕೋಟಾ ಹೋದ ಮೇಲೆ ವಿಯೆಟ್ನಾಂ ಹತ್ತೇ ವರ್ಷದಲ್ಲಿ ಬ್ರೆಜಿಲ್ ನಂತರದ ಸ್ಥಾನಕ್ಕೆ ಬಂತು. 2000ದಿಂದ ಮೂರು ನಾಲ್ಕು ವರ್ಷ ಕುಯ್ಲಿನ ಕೂಲಿಯೂ ಹುಟ್ಟದ ಬೆಲೆ. ಹಣ್ಣು ಗಿಡದಲ್ಲೇ ಬಿಟ್ಟವರನ್ನು ನಾನು ಕಂಡಿದ್ದೇನೆ. ತೋಟ ಮಾರಿ ಊರು ಬಿಟ್ಟವರೂ ಇದ್ದಾರೆ. 2024ರಲ್ಲಿ ಹತ್ತು ಸಾವಿರದ ಬೆಲೆ ನೋಡಿ ಎಲ್ಲರಿಗೂ ಧೈರ್ಯ ಬಂತು. ಅದು ಬರದ ಬೆಲೆ. ಭಾರತ ಸಹಿ ಹಾಕಿದ ಯಾವ ಒಪ್ಪಂದವೂ ಅದನ್ನು ಕೊಟ್ಟಿಲ್ಲ, ಯಾವ ಒಪ್ಪಂದವೂ ಅದನ್ನು ಕಾಯುವುದಿಲ್ಲ.

ಅಮೆರಿಕದ ಸುಂಕದ ಉದಾಹರಣೆ ಕೂಡ ಅಕ್ಕನ ವಾದಕ್ಕೆ ಒದಗುವುದಿಲ್ಲ. ಅಮೆರಿಕದ ಜೊತೆ ಮುಕ್ತ ವ್ಯಾಪಾರ ಒಪ್ಪಂದ ಇದ್ದ ಕೆನಡಾ, ಮೆಕ್ಸಿಕೊ ಮೇಲೂ 2025ರಲ್ಲಿ ಸುಂಕ ಬಿತ್ತು. ಬಲ ಇರುವವನು ಕಾಗದ ಮುರಿಯುತ್ತಾನೆ. ಬಲ ಇಲ್ಲದವನು ಮಾತ್ರ ಅದಕ್ಕೆ ಬದ್ಧನಾಗಿ ಕೂರಬೇಕು.

ಮೇಜಿನ ಮುಂದೆ ಕುರ್ಚಿ ಬೇಕು ಎಂದು ಅಕ್ಕ ಕೇಳಿದ್ದಾರೆ. ಆ ಕುರ್ಚಿಯಲ್ಲಿ ಕೂರುವವರು ಯಾರು? ಸಂವಿಧಾನದಲ್ಲಿ ಕೃಷಿ ರಾಜ್ಯದ ವಿಷಯ. ಆದರೆ ಇಂಥ ಒಪ್ಪಂದಕ್ಕೆ ಕೇಂದ್ರ ಸರ್ಕಾರ ಸಹಿ ಹಾಕಿದರೆ ಆಯಿತು, ಸಂಸತ್ತಿನ ಮಂಜೂರಾತಿಯೂ ಬೇಕಿಲ್ಲ, ವಿಧಾನಸಭೆಯಲ್ಲಿ ಚರ್ಚೆಯೂ ಬೇಕಿಲ್ಲ. ಮಾತುಕತೆಯ ಕರಡು ಗುಟ್ಟಾಗಿರುತ್ತದೆ. ಕಾರು, ಔಷಧಿ, ಸಾಫ್ಟ್‌ವೇರ್‌ನವರ ಸಂಘಗಳು ದೆಹಲಿಯಲ್ಲೇ ಇವೆ. ಅವರ ಸರಕಿಗೆ ದಾರಿ ಮಾಡಿಕೊಡಲು ಎದುರಿನವರಿಗೆ ಏನಾದರೂ ಬಿಟ್ಟುಕೊಡಬೇಕಾದಾಗ ಮೆಣಸು, ಅಡಿಕೆ, ಏಲಕ್ಕಿ, ರಬ್ಬರ್ ನೆನಪಿಗೆ ಬರುತ್ತವೆ. ಕೊಡಗಿಗೆ ಒಬ್ಬ ಪೂರ್ತಿ ಸಂಸದರೂ ಇಲ್ಲ, ಮೈಸೂರಿನ ಜೊತೆ ಹಂಚಿಕೊಂಡಿದ್ದೇವೆ. ಎರಡು ವಿಧಾನಸಭಾ ಕ್ಷೇತ್ರ ಅಷ್ಟೇ. ನಮ್ಮ ಕೂಗು ಎಷ್ಟು ದೂರ ಕೇಳುತ್ತದೆ?

ಆಸಿಯಾನ್ ಒಪ್ಪಂದದ ಮರುಪರಿಶೀಲನೆ ಎತ್ತಿಕೊಂಡಿದ್ದಾರೆ. ಅಲ್ಲಿ ಕರಿಮೆಣಸಿನ ಸುಂಕ 50ಕ್ಕಿಂತ ಕೆಳಗೆ ಒಂದು ಪೈಸೆಯೂ ಇಳಿಯಬಾರದು. ಶ್ರೀಲಂಕಾ ದಾರಿಯಲ್ಲಿ ಬರುವ ಮೆಣಸಿಗೆ ಅಲ್ಲಿಯ ಬೆಳೆಯ ಲೆಕ್ಕದ ಜೊತೆ ತಾಳೆ ಹಾಕುವ ಪದ್ಧತಿ ಬರಬೇಕು, ಬಂದರಿನಲ್ಲೇ ಕಾಳಿನ ಮೂಲ ಪರೀಕ್ಷೆಯಾಗಬೇಕು. ಯುರೋಪಿನ ನಕ್ಷೆ, ದಾಖಲೆಯ ಖರ್ಚು ಬೆಳೆಗಾರನ ತಲೆಗೆ ಬರಬಾರದು. ಜಮ್ಮಾ ಪಹಣಿ ಸರಿಪಡಿಸಲು ಪ್ರತಿ ನಾಡಿನಲ್ಲೂ ಸರ್ಕಾರವೇ ಕೂತು ಮಾಡಿಕೊಡಬೇಕು. ಇವಿಷ್ಟೂ ಆಗುವ ತನಕ, ಕಾಫಿ ಮೆಣಸು ಇರುವ ಯಾವ ಹೊಸ ಒಪ್ಪಂದಕ್ಕೂ ನನ್ನ ಒಪ್ಪಿಗೆ ಇಲ್ಲ.